ಕಿಂಚೆಲಾದ ವ್ಯಸನಮುಕ್ತಿ ನಿವಾಸ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಕೆಂಪ್ಸಿ ಪಟ್ಟಣಕ್ಕೆ ಸಮೀಪದಲ್ಲಿ, ಕಿಂಚೆಲಾ ಎಂಬ ಸ್ಥಳವಿದೆ. ಮೂಲನಿವಾಸಿ ಬಾಲಕರಿಗಾಗಿ ಸರ್ಕಾರವು 1924ರಿಂದ 1970ರವರೆಗೆ ಅಲ್ಲಿ ಒಂದು ನಿಲಯವನ್ನು ನಡೆಸಿತು. ವಿದ್ಯಾರ್ಥಿನಿಲಯವೆಂದೊಡನೆ ನಮ್ಮ ಓದುಗರ ಮನಸ್ಸಿನಲ್ಲಿ ಅನ್ನ, ಅಕ್ಷರ, ಆಶ್ರಯಗಳ ಚಿತ್ರ ಮೂಡುವುದು ಸಹಜ. ಕಿಂಚೆಲಾ ಅಂಥದಾಗಿರಲಿಲ್ಲ. ತಾಯ್ತಂದೆಯರಿಂದ ಬಲವಂತವಾಗಿ ಅಗಲಿಸಿ ತಂದ ಮಕ್ಕಳನ್ನು ಅಲ್ಲಿ ಹೆಸರು ಬಿಡಿಸಿ, ಸಂಖ್ಯೆಯಿಂದ ಕರೆಯುತ್ತಿದ್ದರು.

ಇಂಥ ಬಾಲ್ಯವನ್ನು ಕಂಡವರಲ್ಲಿ ಹಲವರು ಮುಂದೆ ಕುಡಿತಕ್ಕೆ ಬಿದ್ದರು, ಸೆರೆಮನೆಯನ್ನೂ ಕಂಡರು. ಬಂಧನದಲ್ಲಿ ಮಡಿದ 99 ಮಂದಿ ಮೂಲನಿವಾಸಿಗಳ ವಿಷಯವಾಗಿ ವಿಚಾರಣೆ ನಡೆಸಿ 1991ರಲ್ಲಿ ವರದಿಯಿತ್ತ ರಾಜ ಆಯೋಗವು, ಅವರಲ್ಲಿ 43 ಮಂದಿ ಬಾಲ್ಯದಲ್ಲಿಯೇ ಕುಟುಂಬದಿಂದ ಬೇರ್ಪಟ್ಟವರೆಂದು ಕಂಡುಕೊಂಡಿತು. (ಮೂಲನಿವಾಸಿಗಳೆಲ್ಲರೂ ಕುಡುಕರೆಂಬ ಮಾತು ಮಾತ್ರ ಶುದ್ಧ ಸುಳ್ಳು. ಮದ್ಯವನ್ನೇ ಮುಟ್ಟದವರ ಪ್ರಮಾಣವು ಆ ದೇಶದ ಉಳಿದವರಿಗಿಂತ ಅವರಲ್ಲಿಯೇ ಹೆಚ್ಚೆಂದು ಸಮೀಕ್ಷೆಗಳು ತೋರಿಸಿವೆ.)

ಸ್ವತಃ ಕುಡಿತದಿಂದ ಪಾರಾಗಿದ್ದ ವ್ಯಾಲ್ ಬ್ರೈಂಟ್ ಎಂಬ ಮೂಲನಿವಾಸಿ ಮಹಿಳೆಯು 1974ರಲ್ಲಿ ಸಿಡ್ನಿಯಲ್ಲಿ ಬೆನೆಲಾಂಗ್ಸ್ ಹೇವನ್ ಎಂಬ ನಿವಾಸವನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದು ನೆಲೆ ಬದಲಿಸಿ ಬಂದದ್ದೆಲ್ಲಿಗೆ? ಬಾಲಕರನ್ನು ಸಂಖ್ಯೆಯಿಂದ ಕರೆದ ಅದೇ ಕಿಂಚೆಲಾಕ್ಕೆ!

ಅಲ್ಲಿಗೆ ಬಂದವರಲ್ಲಿ ಗಂಡಸರೇ ಹೆಚ್ಚು. ಹಲವರನ್ನು ನ್ಯಾಯಾಲಯಗಳೇ ಕಳುಹಿಸುತ್ತಿದ್ದವು. ತಿಂಗಳುಗಟ್ಟಲೆ ಅಲ್ಲಿಯೇ ವಾಸ. ಮದ್ಯ ಸಂಪೂರ್ಣ ವರ್ಜ್ಯ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಪದ್ಧತಿಯಲ್ಲಿ ಸಭೆಗಳು. ಒಬ್ಬನು ತಾನು ಬಿದ್ದ ಕಥೆಯನ್ನು ಹೇಳಬೇಕು, ಉಳಿದವರು ನಡುವೆ ಬಾಯಿ ಹಾಕದೆ ಕೇಳಬೇಕು. ವೈದ್ಯನು ದೇಹದಲ್ಲಿನ ವಿಷವನ್ನು ಇಳಿಸಬಲ್ಲನು. ಆದರೆ ಸರ್ಕಾರದ ಕೈಯಲ್ಲಿಯೇ ತಾಯಿಯನ್ನು ಕಳೆದುಕೊಂಡವನು ಅಧಿಕಾರಿಯೊಬ್ಬನ ಮೇಜಿನ ಮುಂದೆ ಕುಳಿತು ತನ್ನ ಮನಸ್ಸನ್ನು ತೆರೆದಾನೆಯೆ? ತನ್ನ ಜನದವನೇ, ತನ್ನಂತೆಯೇ ಬಿದ್ದು ಎದ್ದವನು, ಎದುರಿಗಿದ್ದಾಗ ಮಾತು ತಾನಾಗಿ ಹೊರಡುತ್ತದೆ. ಪಾರಾದವರಲ್ಲಿ ಕೆಲವರು ಅಲ್ಲಿಯೇ ಕಾರ್ಯಕರ್ತರಾಗಿ ಉಳಿದು, ಹೊಸದಾಗಿ ಬಂದವರಿಗೆ ದಾರಿ ತೋರಿದರು. ಆ ವ್ಯವಸ್ಥೆಯ ಜೀವಾಳವು ಇಲ್ಲಿದೆಯೆಂದು ನನ್ನ ಭಾವನೆ. ಎಲ್ಲರೂ ಗುಣ ಹೊಂದಿದರೆಂದಲ್ಲ. ಮರಳಿ ಕುಡಿತಕ್ಕೆ ಬಿದ್ದವರೂ ಉಂಟು, ಮತ್ತೆ ಬಂದು ಬಾಗಿಲು ತಟ್ಟಿದವರೂ ಉಂಟು.

ಬೆನೆಲಾಂಗ್ಸ್ ಹೇವನ್ ಈಗ ಮುಚ್ಚಿದೆ. ಅದೇ ರಾಜ್ಯದ ಚಿಟವೇ ಪಾಯಿಂಟ್‌ನಲ್ಲಿ, ಮೂಲನಿವಾಸಿಗಳೇ ನಡೆಸುವ ಗ್ಲೆನ್ ಎಂಬ ನಿವಾಸವು ಗಂಡಸರಿಗೆ 12 ವಾರಗಳ ವಾಸವನ್ನು ಒದಗಿಸುತ್ತಿದೆ. ಇತರ ಜನಾಂಗದವರಿಗೂ ಅಲ್ಲಿ ಪ್ರವೇಶವುಂಟು. ಇತ್ತ ಕಿಂಚೆಲಾದಲ್ಲಿ ಬಾಲ್ಯವನ್ನು ಕಳೆದವರು, ಈಗ ವೃದ್ಧರು, ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡು ಆ ಕಟ್ಟಡಗಳ ಉಳಿವಿಗಾಗಿ ಶ್ರಮಿಸುತ್ತಿದ್ದಾರೆ. 2022ರಲ್ಲಿ ಆ ಸ್ಥಳವು, ಜಗತ್ತಿನಲ್ಲಿ ರಕ್ಷಣೆ ಬೇಡುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಸೇರಿತು.