ಮೂಗು ಕಟ್ಟಿತೆಂದು ಯಂತ್ರವನ್ನು ಅಟ್ಟಕ್ಕೇರಿಸಬೇಡಿ

ರಾತ್ರಿ ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಉದ್ದನೆಯ ಕೊಳವೆಯ ಮೂಲಕ ಪುಟ್ಟ ಯಂತ್ರವೊಂದರಿಂದ ಗಾಳಿ ಪಡೆಯುವ ಹಿರಿಯರನ್ನು ನಿಮ್ಮಲ್ಲಿ ಕೆಲವರು ಮನೆಯಲ್ಲೇ ನೋಡಿರಬಹುದು. ಆ ಯಂತ್ರದ ಹೆಸರು ಸಿ-ಪ್ಯಾಪ್. ಅದನ್ನು ಬಳಸತೊಡಗಿದವರು ಮೊದಲ ದಿನಗಳಲ್ಲಿ ಹೇಳುವ ಸಾಮಾನ್ಯ ದೂರು ಒಂದೇ: "ಮೂಗು ಕಟ್ಟುತ್ತದೆ." ಕೇಳಲು ಸಣ್ಣ ಸಂಗತಿ. ಆದರೆ ಈ ಸಣ್ಣ ಸಂಗತಿಗೆ ಬೇಸತ್ತು ಯಂತ್ರವನ್ನೇ ಬಿಟ್ಟುಬಿಡುವವರಿದ್ದಾರೆ.

ನಮ್ಮ ತಂದೆಯವರೂ ಹೀಗೆಯೇ ಬಿಡುವವರಿದ್ದರು. ನಮ್ಮ ಮನೆ ಬೆಂಗಳೂರಿನ ಆರ್.ಟಿ. ನಗರದಲ್ಲಿ. ತಂದೆಯವರಿಗೆ ಎಪ್ಪತ್ತೊಂದು ವರ್ಷ. ಅವರ ಗೊರಕೆ ಪಕ್ಕದ ಮನೆಗೂ ಕೇಳುತ್ತಿತ್ತು. ನಡುವೆ ಗೊರಕೆ ಥಟ್ಟನೆ ನಿಲ್ಲುತ್ತಿತ್ತು, ಉಸಿರೂ ನಿಲ್ಲುತ್ತಿತ್ತು. ಒಂದು ದಿನ ಹೆಬ್ಬಾಳದ ಹತ್ತಿರ ಸಿಗ್ನಲ್‌ನಲ್ಲಿ ಸ್ಕೂಟರಿನ ಮೇಲೆಯೇ ತೂಕಡಿಸಿ ವಾಲಿದರು. ಪುಣ್ಯಕ್ಕೆ ಹಿಂದಿದ್ದ ಆಟೋದವರು ಹಿಡಿದುಕೊಂಡರು. ನಿದ್ರೆಯ ಪರೀಕ್ಷೆ ನಡೆಯಿತು, ಸಿ-ಪ್ಯಾಪ್ ಮನೆಗೆ ಬಂತು. ಹನ್ನೆರಡನೆಯ ದಿನ ಬೆಳಿಗ್ಗೆ ಅವರು ಯಂತ್ರವನ್ನು ಮತ್ತೆ ಡಬ್ಬಿಗೆ ತುಂಬಿ, ಅಟ್ಟಕ್ಕೇರಿಸಲು ಏಣಿ ಕೇಳಿದರು.

"ಹಾಕಿಕೊಂಡರೆ ಮೂಗು ಕಟ್ಟುತ್ತದೆ, ತೆಗೆದಿಟ್ಟರೆ ಬಿಡುತ್ತದೆ. ನೀನು ವಿಜ್ಞಾನ ಓದಿದವನಲ್ಲವೆ? ಯಾಕೆ ಅಂತ ಹೇಳು, ನೋಡೋಣ" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಥಟ್ಟನೆ ಉತ್ತರವಿರಲಿಲ್ಲ. ಉತ್ತರ ಹುಡುಕಿದ ಬಗೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಗಾಳಿಯೇ ಊರುಗೋಲು

ನಾವು ನಿದ್ರಿಸಿದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ನಾಲಿಗೆಯ ಬುಡ, ಮೃದು ಅಂಗುಳು ಮತ್ತು ಗಂಟಲಿನ ಗೋಡೆಗಳೂ ಹಾಗೆಯೇ. ಕೆಲವರಲ್ಲಿ ಇವು ಒಳಕ್ಕೆ ಕುಸಿದು ಉಸಿರಿನ ದಾರಿಯನ್ನು ಮುಚ್ಚುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಅರೆ ಎಚ್ಚರವಾಗುತ್ತದೆ, ದಾರಿ ತೆರೆದುಕೊಳ್ಳುತ್ತದೆ. ಮತ್ತೆ ನಿದ್ರೆ, ಮತ್ತೆ ಕುಸಿತ. ರಾತ್ರಿಯಿಡೀ ಇದೇ ನಡೆದರೆ ಹಗಲೆಲ್ಲ ತೂಕಡಿಕೆ, ರಕ್ತದೊತ್ತಡವೂ ಏರಬಹುದು. ಇದಕ್ಕೆ ವೈದ್ಯರು ಸ್ಲೀಪ್ ಆಪ್ನಿಯ ಎನ್ನುತ್ತಾರೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು 1980ರಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿದರು. ಗಾಳಿಯೂದುವ ಮೋಟಾರಿನಿಂದ ರೋಗಿಯ ಮೂಗಿನೊಳಕ್ಕೆ ನಿರಂತರವಾಗಿ, ಸ್ವಲ್ಪ ಹೆಚ್ಚಿನ ಒತ್ತಡದಲ್ಲಿ ಗಾಳಿ ಹಾಯಿಸಿದರು. ಆ ಒತ್ತಡ ಗಂಟಲಿನ ಗೋಡೆಗಳಿಗೆ ಒಳಗಿನಿಂದ ಊರುಗೋಲಿನಂತೆ ನಿಂತಿತು. ಐವರು ರೋಗಿಗಳ ಮೇಲಿನ ಈ ಪ್ರಯೋಗದ ವರದಿ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ ಸಿ-ಪ್ಯಾಪ್ ಯಂತ್ರಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಈ ಯಂತ್ರ ಆಮ್ಲಜನಕ ಕೊಡುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಅದು ಕೋಣೆಯ ಗಾಳಿಯನ್ನೇ ಸೋಸಿ, ಒತ್ತಿ ಕಳುಹಿಸುತ್ತದೆ. ಒತ್ತಡವೆಷ್ಟು? ಒಂದು ಚೊಂಬಿನಲ್ಲಿ ನೀರು ತುಂಬಿ, ಸ್ಟ್ರಾ ಒಂದನ್ನು 10 ಸೆಂಟಿಮೀಟರ್ ಆಳಕ್ಕೆ ಇಳಿಸಿ ಮೆಲ್ಲನೆ ಊದಿ. ಗುಳ್ಳೆ ಬರಲು ನೀವು ಎಷ್ಟು ಒತ್ತಬೇಕೋ ಅಷ್ಟೇ, ಅಂದರೆ 10 ಸೆಂಟಿಮೀಟರ್ ನೀರಿನ ಒತ್ತಡ. ಸಾಮಾನ್ಯವಾಗಿ ಈ ಯಂತ್ರಗಳು 4ರಿಂದ 20 ಸೆಂಟಿಮೀಟರ್‌ವರೆಗೆ ಕೆಲಸ ಮಾಡುತ್ತವೆ.

ಮೂಗೆಂಬ ಹವಾನಿಯಂತ್ರಕ

ಇಷ್ಟು ಮೆದುವಾದ ಗಾಳಿಗೆ ಮೂಗು ಏಕೆ ಮುನಿಯಬೇಕು? ಮೂಗಿನ ಕೆಲಸವನ್ನು ತಿಳಿದರೆ ಇದು ಅರ್ಥವಾಗುತ್ತದೆ.

ಮೂಗಿನ ಒಳಗೋಡೆಯಲ್ಲಿ ಸುರುಳಿಯಂತಹ ಮೂಳೆಗಳಿವೆ. ಅವುಗಳ ಮೇಲೆ ತೇವವಾದ ಲೋಳೆಪೊರೆ, ಅದರಡಿ ರಕ್ತನಾಳಗಳ ದಟ್ಟ ಜಾಲ. ಒಳಬರುವ ಗಾಳಿಯನ್ನು ಇವು ಬೆಚ್ಚಗೆ ಮಾಡಿ, ತೇವ ತುಂಬಿ ಶ್ವಾಸಕೋಶಕ್ಕೆ ಕಳುಹಿಸುತ್ತವೆ. ಲೆಕ್ಕ ಹಾಕಿ ನೋಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇಕಡಾ 50 ಆರ್ದ್ರತೆಯಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 9 ಗ್ರಾಂ ನೀರಾವಿ ಇರುತ್ತದೆ. ಶ್ವಾಸಕೋಶ ತಲುಪುವಾಗ ಆ ಗಾಳಿ 37 ಡಿಗ್ರಿಯಲ್ಲಿ ಪೂರ್ತಿ ತೇವಗೊಂಡಿರಬೇಕು. ಆಗ ಅದರಲ್ಲಿ ಸುಮಾರು 44 ಗ್ರಾಂ ಇರುತ್ತದೆ. ವ್ಯತ್ಯಾಸವಾದ 35 ಗ್ರಾಂ ನೀರನ್ನು ಕೊಡುವ ಕೆಲಸದ ಬಹುಪಾಲು ಮೂಗಿನದು.

ಮಲಗಿದವರು ನಿಮಿಷಕ್ಕೆ ಸುಮಾರು 7 ಲೀಟರ್ ಗಾಳಿ ಉಸಿರಾಡುತ್ತಾರೆಂದುಕೊಳ್ಳಿ. ಗಂಟೆಗೆ 420 ಲೀಟರ್. ಅದಕ್ಕೆ ಬೇಕಾದ ನೀರು ಸುಮಾರು 15 ಗ್ರಾಂ. ಇದರಲ್ಲಿ ಒಂದು ಪಾಲನ್ನು ಮೂಗು ಮರಳಿ ಪಡೆಯುತ್ತದೆ. ನಿಶ್ವಾಸದ ಬೆಚ್ಚನೆಯ ಗಾಳಿ ತಂಪಾದ ಲೋಳೆಪೊರೆಯನ್ನು ತಾಗಿದಾಗ ನೀರಾವಿ ಅಲ್ಲಿಯೇ ತಂಗುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರ ಸರಿಯಾಗಿ ನಡೆಯುತ್ತಿದ್ದರೆ ತೊಂದರೆಯಿಲ್ಲ.

ಬಾಯಿ ತೆರೆದರೆ ಲೆಕ್ಕ ತಪ್ಪುತ್ತದೆ

ಈಗ ಮಾಸ್ಕ್ ಮೂಗಿಗೆ ಮಾತ್ರ ಇದೆ, ನಿದ್ರೆಯಲ್ಲಿ ಬಾಯಿ ತೆರೆದುಕೊಂಡಿತು ಎನ್ನಿ. ಒತ್ತಡದ ಗಾಳಿ ಮೂಗಿನಿಂದ ನುಗ್ಗಿ ನೇರವಾಗಿ ಬಾಯಿಂದ ಹೊರಹರಿಯುತ್ತದೆ. ಉದಾಹರಣೆಗೆ, ಹೀಗೆ ನಿಮಿಷಕ್ಕೆ 30 ಲೀಟರ್ ಹರಿದರೆ ಗಂಟೆಗೆ 1,800 ಲೀಟರ್ ಆಯಿತು; ಅದನ್ನು ತೇವಗೊಳಿಸಲು 60 ಗ್ರಾಮಿಗೂ ಹೆಚ್ಚು ನೀರು ಬೇಕು, ಅಂದರೆ ಮೊದಲಿನ ನಾಲ್ಕು ಪಟ್ಟು. ಗಾಳಿ ಮೂಗಿನ ದಾರಿಯಲ್ಲಿ ಹಿಂತಿರುಗದ್ದರಿಂದ ಕೊಟ್ಟ ನೀರು ಮರಳುವುದೂ ಇಲ್ಲ.

ಲೋಳೆಪೊರೆ ಒಣಗಿ ಕೆರಳುತ್ತದೆ. ಇನ್ನಷ್ಟು ಬಿಸಿ, ಇನ್ನಷ್ಟು ತೇವ ಕೊಡಲು ಅದರ ರಕ್ತನಾಳಗಳು ಉಬ್ಬುತ್ತವೆ. ಉಬ್ಬಿದಾಗ ದಾರಿ ಕಿರಿದಾಗುತ್ತದೆ. ಪಿ.ಯು.ಸಿ.ಯಲ್ಲಿ ಪ್ವಾಸಯ್‌ನ ನಿಯಮ ಓದಿದವರಿಗೆ ನೆನಪಿರಬಹುದು: ಆದರ್ಶ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ಅಡ್ಡಿ 16 ಪಟ್ಟಾಗುತ್ತದೆ. ಮೂಗು ಆದರ್ಶ ಕೊಳವೆಯಲ್ಲ, ಆದರೂ ಸ್ವಲ್ಪ ಊತವೇ ಏಕೆ ಇಷ್ಟು ಕಾಡುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಮೂಗು ಕಟ್ಟಿತೆಂದು ಬಾಯಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಬಾಯಿ ತೆರೆದದ್ದರಿಂದ ಮೂಗು ಇನ್ನಷ್ಟು ಒಣಗುತ್ತದೆ. ವಿಷವರ್ತುಲವೆಂದರೆ ಇದೇ. ಬಾಯಿಯ ಸೋರಿಕೆಯಿಂದ ಮೂಗಿನ ಅಡ್ಡಿ ಹೆಚ್ಚುತ್ತದೆಂದೂ, ಗಾಳಿಯನ್ನು ಬಿಸಿ ತೇವಗೊಳಿಸಿ ಕೊಟ್ಟರೆ ಅದು ಬಹಳಷ್ಟು ತಗ್ಗುತ್ತದೆಂದೂ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ತಂದೆಯವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಯಂತ್ರ ಕೆಟ್ಟಿರಲಿಲ್ಲ, ಮೂಗೂ ಕೆಟ್ಟಿರಲಿಲ್ಲ. ಮೂಗು ತನ್ನ ಶಕ್ತಿಗೆ ಮೀರಿದ ಕೆಲಸ ಮಾಡುತ್ತಿತ್ತು.

ಮೊಮ್ಮಗಳ ನೋಟ್‌ಬುಕ್

ಉಳಿದರ್ಧವನ್ನು ಹುಡುಕಿದವಳು ಪ್ರಥಮ ಪಿ.ಯು.ಸಿ. ಓದುತ್ತಿದ್ದ ನನ್ನ ಮಗಳು. "ತಾತ, ಇನ್ನು ಹದಿನೈದು ದಿನ ಹಾಕಿಕೊಳ್ಳಿ, ನಾನು ಬರೆದಿಡುತ್ತೇನೆ" ಎಂದು ಹಟ ಹಿಡಿದಳು. ನೋಟ್‌ಬುಕ್ಕಿನಲ್ಲಿ ಅಂಕಣಗಳನ್ನು ಎಳೆದಳು: ರಾತ್ರಿ ಎಷ್ಟು ಹೊತ್ತಿಗೆ ಮೂಗು ಕಟ್ಟಿತು, ಬೆಳಿಗ್ಗೆ ಬಾಯಿ ಒಣಗಿತ್ತೆ, ಯಂತ್ರ ತೋರಿಸಿದ ಸೋರಿಕೆ ಎಷ್ಟು, ಕಿಟಕಿ ತೆರೆದಿತ್ತೆ, ಯಾವ ಔಷಧ ಹಾಕಿದರು. ಪ್ರಯೋಗಾಲಯದ ನಿಯಮವನ್ನೇ ಪಾಲಿಸಿದಳು: ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲು ಕಂಡದ್ದು, ಬಾಯಿ ಒಣಗಿದ ಬೆಳಿಗ್ಗೆಗಳೇ ಮೂಗು ಕಟ್ಟಿದ ಬೆಳಿಗ್ಗೆಗಳು. ಯಂತ್ರದೊಡನೆ ಬಂದಿದ್ದ ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ, ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು! ಅದನ್ನು ಜೋಡಿಸಿದ ಮೂರು ರಾತ್ರಿಗಳಲ್ಲಿ ತೊಂದರೆ ತಗ್ಗಿತು, ಪೂರ್ತಿ ಹೋಗಲಿಲ್ಲ. ನಂತರ ತಜ್ಞರ ಬಳಿ ಹೋಗಿ, ಬಾಯಿಯನ್ನೂ ಮುಚ್ಚುವ ದೊಡ್ಡ ಮಾಸ್ಕ್ ತಂದೆವು. ಸೋರಿಕೆಯ ಅಂಕಿ ಇಳಿಯಿತು.

ಮೂರನೆಯ ಸುಳಿವು ಯಂತ್ರವಿದ್ದ ಜಾಗ. ಅದನ್ನು ನೆಲದ ಮೇಲೆ, ಕಿಟಕಿಯ ಕೆಳಗೆ ಇಟ್ಟಿದ್ದೆವು. ಹೊರಗೆ ವಾಹನಗಳ ಧೂಳು. ಪಕ್ಕದ ಖಾಲಿ ನಿವೇಶನದ ತುಂಬ ಪಾರ್ಥೇನಿಯಂ, ನಮ್ಮವರು ಕಾಂಗ್ರೆಸ್ ಹುಲ್ಲು ಎನ್ನುವ ಗಿಡ. ಅದರ ಪರಾಗ ಮೂಗಿನ ಅಲರ್ಜಿ ತರುವುದನ್ನು ಬೆಂಗಳೂರಿನಲ್ಲೇ ನಡೆದ, 1991ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಒಳಗೆ ಅಮ್ಮ ಹಚ್ಚುವ ಊದಿನಕಡ್ಡಿ, ಸೊಳ್ಳೆಬತ್ತಿ. ಯಂತ್ರದ ಫಿಲ್ಟರ್ ಧೂಳನ್ನು ತಡೆದರೂ ಹೊಗೆಯನ್ನೆಲ್ಲ ತಡೆಯಲಾರದು. ಯಂತ್ರ ಸ್ಟೂಲಿನ ಮೇಲೇರಿತು, ಆದರೆ ಮಲಗಿದವರ ತಲೆಗಿಂತ ಕೆಳಗೇ. ಊದಿನಕಡ್ಡಿ ದೇವರ ಕೋಣೆಗೆ ಸೀಮಿತವಾಯಿತು. ಸೊಳ್ಳೆಬತ್ತಿಯ ಬದಲು ಸೊಳ್ಳೆಪರದೆ ಬಂತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ತಂದೆಯವರು ಔಷಧದ ಅಂಗಡಿಯಿಂದ ತಾವೇ ತಂದ ಮೂಗಿನ ಹನಿಯನ್ನು ಪ್ರತಿರಾತ್ರಿ ಹಾಕಿಕೊಳ್ಳುತ್ತಿದ್ದರು. ಝೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್‌ನಂತಹ ಈ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ನಿಮಿಷಗಳಲ್ಲಿ ಮೂಗು ತೆರೆಯುತ್ತವೆ. ಆದರೆ ಕೆಲವು ದಿನಗಳಿಗಿಂತ ಹೆಚ್ಚು ಬಳಸಿದರೆ ಔಷಧದ ಪ್ರಭಾವ ಇಳಿದೊಡನೆ ನಾಳಗಳು ಮೊದಲಿಗಿಂತ ಹೆಚ್ಚಾಗಿ ಉಬ್ಬುತ್ತವೆ. ಪರಿಹಾರವೇ ಕಾಯಿಲೆಯಾಗುತ್ತದೆ. ಕಿವಿ-ಮೂಗು-ಗಂಟಲು ವೈದ್ಯರು ಅದನ್ನು ನಿಲ್ಲಿಸಿ, ಅಲರ್ಜಿಗೆ ಬೇರೆ ಸ್ಪ್ರೇ ಬರೆದುಕೊಟ್ಟರು. ಹನಿ ಬಿಟ್ಟ ಮೊದಲ ವಾರ ಕಷ್ಟದ್ದೇ ಆಯಿತು.

ನೀರಿನ ವಿಷಯದಲ್ಲಿ ಎಚ್ಚರ

ಹ್ಯೂಮಿಡಿಫೈಯರಿಗೆ ಡಿಸ್ಟಿಲ್ಡ್ ನೀರು ಸೂಕ್ತ. ಬೋರ್‌ವೆಲ್ ನೀರಿನ ಲವಣಗಳು ತೊಟ್ಟಿಯ ತಳದಲ್ಲಿ ಬಿಳಿ ಗಟ್ಟಿಯಾಗಿ ಕೂರುತ್ತವೆ. ನಿಮ್ಮ ಮನೆಯ ಗೀಸರಿನಲ್ಲಿ ಇದನ್ನು ನೋಡಿರುತ್ತೀರಿ. ಉಳಿದ ನೀರನ್ನು ಪ್ರತಿದಿನ ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಬೇಕು.

ನಮ್ಮ ಅಮ್ಮ ಒಂದು ರಾತ್ರಿ ಪ್ರೀತಿಯಿಂದ ಆ ತೊಟ್ಟಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿಬಿಟ್ಟಿದ್ದರು. ಎಂದಿಗೂ ಹೀಗೆ ಮಾಡಬಾರದು. ಎಣ್ಣೆ ಯಂತ್ರದ ಭಾಗಗಳನ್ನು ಕೆಡಿಸುತ್ತದೆ. ಅದರ ಆವಿ ರಾತ್ರಿಯೆಲ್ಲ ಒತ್ತಡದಲ್ಲಿ ಶ್ವಾಸಕೋಶಕ್ಕೆ ಹೋಗುತ್ತದೆ.

ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಳವೆಯೊಳಗೆ ನೀರು ಕಟ್ಟಿ ಗುಳುಗುಳು ಸದ್ದಾಗಬಹುದು. ತೇವದ ಗಾಳಿ ತಂಪು ಕೊಳವೆಯಲ್ಲಿ ಸಾಂದ್ರೀಕರಿಸುವುದೇ ಕಾರಣ. ಕೊಳವೆಗೆ ಬಟ್ಟೆಯ ಕವಚ ಹೊಲಿದು ಹಾಕಿದರೆ ತಗ್ಗುತ್ತದೆ.

ಮಲಗುವ ಮುಂಚೆ ಉಪ್ಪುನೀರಿನಿಂದ ಮೂಗು ತೊಳೆಯುವುದು ಹಲವರಿಗೆ ಹಿತ ನೀಡುತ್ತದೆ. ಯೋಗದಲ್ಲಿ ಜಲನೇತಿ ಎನ್ನುವುದು ಇದನ್ನೇ. ಆದರೆ ನಲ್ಲಿ ನೀರನ್ನು ಹಾಗೆಯೇ ಬಳಸಬಾರದು. ಮೂಗಿನ ಮೂಲಕ ಮಿದುಳು ತಲುಪಿ ಪ್ರಾಣ ತೆಗೆಯಬಲ್ಲ ಅಮೀಬಾ ಒಂದಿದೆ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬಂದ ಮಿದುಳು ಜ್ವರಕ್ಕೆ ಜನ ಬಲಿಯಾದರು. ನೀರು ಚೆನ್ನಾಗಿ ಕುದಿಯತೊಡಗಿದ ಮೇಲೂ ಒಂದು ನಿಮಿಷ ಕುದಿಸಿ, ಆರಿಸಿ ಬಳಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೂ ಆ ಒಂದು ನಿಮಿಷ ಸಾಕು.

ಯಾವಾಗ ವೈದ್ಯರು?

ಒಂದು ವಿಷಯ ತಿಳಿದಿರಲಿ. ಆರೋಗ್ಯವಂತರಲ್ಲೂ ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಕಟ್ಟಿ ತೆರೆಯುತ್ತವೆ. ನಮ್ಮ ಹಿರಿಯರು ಸೂರ್ಯಸ್ವರ, ಚಂದ್ರಸ್ವರ ಎಂದು ಇದನ್ನು ಗುರುತಿಸಿದ್ದರು. ಆದರೆ ಸದಾ ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬಂದರೆ, ಮುಖದಲ್ಲಿ ನೋವು ಅಥವಾ ಜ್ವರವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಒಳಗೋಡೆ ಸೊಟ್ಟಗಿರಬಹುದು, ಗೆಡ್ಡೆಯೂ ಇರಬಹುದು. ರಕ್ತದೊತ್ತಡ ಇರುವವರು ನೆಗಡಿಯ ಮಾತ್ರೆಗಳನ್ನು ತಾವೇ ನುಂಗಬಾರದು. ಕೆಲವು ಮಾತ್ರೆಗಳು ಒತ್ತಡವನ್ನು ಏರಿಸುತ್ತವೆ. ಯಂತ್ರದ ಒತ್ತಡವನ್ನು ಬದಲಿಸುವ ಕೆಲಸಕ್ಕೆ ನೀವು ಕೈಹಾಕಬೇಡಿ. ಮಾಸ್ಕಿನಲ್ಲಿರುವ ಸಣ್ಣ ರಂಧ್ರಗಳನ್ನು ಸೋರಿಕೆಯೆಂದು ತಿಳಿದು ಮುಚ್ಚಲೂಬೇಡಿ. ಬಿಟ್ಟ ಉಸಿರು ಹೊರಹೋಗುವ ದಾರಿ ಅದು.

ಈಗಲೂ ತಂದೆಯವರಿಗೆ ನೆಗಡಿ ಬಂದ ರಾತ್ರಿಗಳು ಸುಖವಾಗಿರುವುದಿಲ್ಲ. ಆದರೆ ಯಂತ್ರ ಅಟ್ಟಕ್ಕೇರಿಲ್ಲ. ಸ್ಟೂಲಿನ ಮೇಲೆಯೇ ಇದೆ. ಹಗಲಿನ ತೂಕಡಿಕೆ ಹೋಗಿದೆ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆಯೇ ಸ್ಕೂಟರಿನ ಕೀಲಿಕೈ ಅವರ ಕೈಗೆ ಮರಳಿತು.

ಹಿರಿಯರಿಗೆ ಯಂತ್ರದ ಗುಂಡಿಗಳು, ಅಂಕಿಗಳು ಹೊಸವು. ನಿಮಗೆ ಅವು ಸಲೀಸು. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಇಂತಹ ಯಂತ್ರವಿದ್ದರೆ ವಾರಕ್ಕೊಮ್ಮೆ ಫಿಲ್ಟರ್ ನೋಡಿ, ದಿನವೂ ತೊಟ್ಟಿ ತೊಳೆದುಕೊಡಿ, ಒಂದು ನೋಟ್‌ಬುಕ್ ಇಡಿ. ಅವರು ಮತ್ತೆ ವೈದ್ಯರ ಬಳಿ ಹೋಗುವಾಗ ಆ ನೋಟ್‌ಬುಕ್ಕನ್ನೂ ಜೊತೆಗೆ ಕಳುಹಿಸಿ.