ಧ್ವಜದ ಬಟ್ಟೆ ನೇಯುವ ಗರಗ: ಪ್ರವಾಸಿಗರು ಮರೆತ ಊರು

ಧಾರವಾಡ: ಪೇಢೆ ಕೊಳ್ಳಲು, ಸಾಧನಕೇರಿ ನೋಡಲು ಧಾರವಾಡಕ್ಕೆ ಬರುವವರಲ್ಲಿ ಗರಗದತ್ತ ಹೊರಳುವವರು ವಿರಳ. ಬೆಳಗಾವಿ ಹೆದ್ದಾರಿಯಿಂದ ತುಸು ಒಳಕ್ಕಿರುವ ಈ ಗ್ರಾಮ ನಗರದಿಂದ ಸುಮಾರು ಅರ್ಧ ಗಂಟೆಯ ಹಾದಿ. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿಯನ್ನು ದಶಕಗಳಿಂದ ನೇಯುತ್ತ ಬಂದಿರುವ ಊರಿದು.

ಧ್ವಜದ ಬಟ್ಟೆ ಸಾಮಾನ್ಯ ಖಾದಿಯಲ್ಲ. ಭಾರತೀಯ ಮಾನಕ ಬ್ಯೂರೊದ ಒಂದನೆಯ ಸಂಖ್ಯೆಯ ಮಾನಕವೇ ರಾಷ್ಟ್ರಧ್ವಜಕ್ಕೆ ಸಂಬಂಧಿಸಿದ್ದು. ಎಳೆಗಳ ಸಂಖ್ಯೆ, ಬಟ್ಟೆಯ ತೂಕ, ಬಣ್ಣದ ಗಾಢತೆ, ಹೊಲಿಗೆ ಎಲ್ಲಕ್ಕೂ ಅಲ್ಲಿ ಅಳತೆಯುಂಟು. ಧ್ವಜದ ಉದ್ದ ಅಗಲಗಳ ಪ್ರಮಾಣ 3:2. ನಿಗದಿತ ಗಾತ್ರಗಳು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6,300 ಮಿ.ಮೀ. ಉದ್ದ, 4,200 ಮಿ.ಮೀ. ಅಗಲವಿದ್ದರೆ, ಮೇಜಿನ ಮೇಲಿಡುವ ಚಿಕ್ಕ ಧ್ವಜ 150 ಮಿ.ಮೀ. ಉದ್ದ, 100 ಮಿ.ಮೀ. ಅಗಲದ್ದು.

ರಾಟಿಯಲ್ಲಿ ನೂತ ನೂಲನ್ನು ಲಡಿಗಳಾಗಿ ಸುತ್ತಿ, ಹಾಸು ಹೂಡಿ, ಕೈಮಗ್ಗದಲ್ಲಿ ನೇಯಲಾಗುತ್ತದೆ. ಹಾಸಿನಲ್ಲಿ ಒಂದೆಳೆ ಸಡಿಲಾದರೂ ಬಟ್ಟೆ ಪರೀಕ್ಷೆಯಲ್ಲಿ ತಿರಸ್ಕೃತವಾಗಬಹುದು. ಧ್ವಜದ ಅಂಚಿಗೆ, ಹಗ್ಗ ತೂರಿಸುವ ಭಾಗಕ್ಕೆ ಬೇರೆಯದೇ ಆದ ದಪ್ಪ ಬಟ್ಟೆ ಬೇಕು. ನೇಯ್ದ ಬಟ್ಟೆಯನ್ನು ಪರೀಕ್ಷಿಸಿದ ಬಳಿಕ ಕೇಸರಿ, ಬಿಳಿ, ಹಸಿರು ಬಣ್ಣಗಳಿಗಾಗಿ ವಿಂಗಡಿಸಲಾಗುತ್ತದೆ. ಬಿಳಿ ಪಟ್ಟಿಯ ಎರಡೂ ಬದಿಗೆ 24 ಅರಗಳ ಅಶೋಕಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಮುದ್ರಿಸುವುದು ಅತಿ ಸೂಕ್ಷ್ಮ ಕೆಲಸ. ಈ ಭಾಗದಲ್ಲಿ ಧ್ವಜ ಸಿದ್ಧಪಡಿಸುವ ಪ್ರಮುಖ ಕೇಂದ್ರ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಅದನ್ನು ನಡೆಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾದದ್ದು 1957ರಲ್ಲಿ.

ಈ ಕಸುಬಿನ ಮುಂದೆ ಇಂದು ಕಠಿಣ ಪ್ರಶ್ನೆಯಿದೆ. 2002ರ ಧ್ವಜ ಸಂಹಿತೆಯ ಪ್ರಕಾರ ಧ್ವಜವು ಕೈಯಿಂದ ನೂತು, ಕೈಯಿಂದ ನೇಯ್ದ ಬಟ್ಟೆಯದೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್‌ಗೂ ಅವಕಾಶ ನೀಡಿತು. ಮರುವರ್ಷ ‘ಹರ್ ಘರ್ ತಿರಂಗಾ’ ಅಭಿಯಾನದಿಂದ ಧ್ವಜದ ಬೇಡಿಕೆ ಏರಿತಾದರೂ ಅಗ್ಗದ ಪಾಲಿಯೆಸ್ಟರ್ ಧ್ವಜಗಳು ಮಾರುಕಟ್ಟೆಯನ್ನು ತುಂಬಿದವು. ನೂತಷ್ಟಕ್ಕೆ, ನೇಯ್ದಷ್ಟಕ್ಕೆ ಕೂಲಿ ಪಡೆಯುವವರಿಗೆ ಬೇಡಿಕೆ ಕುಸಿದರೆ ಕೆಲಸವೇ ಕುಸಿದಂತೆ. ಈ ದುಡಿಮೆಯನ್ನು ನೆಚ್ಚಿದವರಲ್ಲಿ ಹೆಚ್ಚಿನವರು ಗ್ರಾಮೀಣ ಮಹಿಳೆಯರು.

ಗರಗಕ್ಕೆ ಹೋಗುವವರು ಖಾದಿ ಕೇಂದ್ರದಲ್ಲಿ ಮುಂಚಿತವಾಗಿ ಅನುಮತಿ ಪಡೆಯುವುದು ಒಳಿತು. ಅದು ಪ್ರದರ್ಶನ ಶಾಲೆಯಲ್ಲ, ದುಡಿಮೆಯ ಸ್ಥಳ. ಮಡಿವಾಳ ಶಿವಯೋಗಿಗಳ ಮಠವೂ ಇದೇ ಊರಿನಲ್ಲಿದೆ. ಶಿಶುನಾಳ ಶರೀಫರ, ನವಲಗುಂದದ ನಾಗಲಿಂಗಜ್ಜನ ಸಮಕಾಲೀನರೆಂದು ಈ ಸೀಮೆಯ ಜನ ಅವರನ್ನು ನೆನೆಯುತ್ತಾರೆ. ಮಠದ ದರ್ಶನ ಮುಗಿಸಿ ಮಗ್ಗದ ಸದ್ದು ಕೇಳಿ ಬಂದವರು ಮುಂದಿನ ಆಗಸ್ಟ್‌ನಲ್ಲಿ ಧ್ವಜ ಕೊಳ್ಳುವಾಗ ಅದು ಯಾವ ಬಟ್ಟೆಯದೆಂದು ಒಮ್ಮೆ ವಿಚಾರಿಸಿದರೂ ಸಾಕು, ಪ್ರವಾಸ ಸಾರ್ಥಕ.