ಸೋಯಾ ಅವರೆಯ ಬೀಜದಲ್ಲಿ ಮಚ್ಚೆ ಬೀಳಲು ಕಾರಣ

ಬೀದರ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಅವರೆಯು ಮುಂಗಾರಿನ ಮುಖ್ಯವಾದ ಬೆಳೆಗಳಲ್ಲೊಂದಾಗಿರುವುದು. ಹಳದಿ ಬೀಜವನ್ನು ಬಿತ್ತಿದ ಹೊಲದಿಂದ ಬಂದ ರಾಶಿಯಲ್ಲಿ ಕಂದು ಅಥವಾ ಕಪ್ಪು ಮಚ್ಚೆಗಳುಳ್ಳ ಕಾಳುಗಳು ಕಂಡರೆ, ಬೀಜ ಕೊಟ್ಟವರು ಬೆರಕೆ ಮಾಡಿರುವರೆಂಬ ಸಂಶಯ ರೈತನಿಗೆ ಹುಟ್ಟುವುದು ಸಹಜ. ಆದರೆ ಬೆರಕೆಯೇ ಇಲ್ಲದ ಶುದ್ಧ ತಳಿಯಲ್ಲಿಯೂ ಇಂಥ ಮಚ್ಚೆಗಳು ಬೀಳಬಹುದು. ಊರಿನ ಯಜಮಾನರೂ ಜಮೀನುದಾರರೂ ಇದರ ಕಾರಣವನ್ನು ತಿಳಿದಿದ್ದರೆ ನಿಷ್ಕಾರಣವಾದ ವ್ಯಾಜ್ಯವು ತಪ್ಪುವುದಲ್ಲದೆ, ಮುಂದಿನ ವರ್ಷದ ಬಿತ್ತನೆಯೂ ಕೆಡದೆ ಉಳಿಯುವುದು.

ಸೋಯಾ ಅವರೆಯ ಮೂಲವಾದ ಕಾಡುಗಿಡವು ಪೂರ್ವ ಏಷ್ಯಾದ್ದು. ಅದರ ಬೀಜದ ಸಿಪ್ಪೆಯು ಕಪ್ಪು. ನಾವು ಬೆಳೆಯುವ ಹಳದಿ ತಳಿಗಳು ಆ ಕಪ್ಪು ಬಣ್ಣವನ್ನು ಮಾಡುವ ಶಕ್ತಿಯನ್ನು ಕಳೆದುಕೊಂಡಿಲ್ಲ. ನೇರಿಳೆ ಹೂ ಬಿಡುವ ಗಿಡದಲ್ಲಿಯೇ ಹಳದಿ ಕಾಳುಗಳಾಗುವುದು ಎಲ್ಲರೂ ಕಂಡ ಸಂಗತಿ. ಹೂವಿನಲ್ಲಿ ನಿರಾತಂಕವಾಗಿ ನಡೆಯುವ ಬಣ್ಣದ ತಯಾರಿಕೆಯು ಬೀಜದ ಸಿಪ್ಪೆಯಲ್ಲಿ ಮಾತ್ರ ತಡೆಹಿಡಿಯಲ್ಪಟ್ಟಿರುತ್ತದೆ. ಹೀಗೆ ತಡೆಯುವವು ಆರ್.ಎನ್.ಎ. ಎಂಬ ವಸ್ತುವಿನ ಅತಿಸೂಕ್ಷ್ಮವಾದ ತುಣುಕುಗಳು.

ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಕಛೇರಿಯ ಮೂಲ ದಫ್ತರಕ್ಕೆ ಹೋಲಿಸಬಹುದು. ದಫ್ತರವು ತನ್ನ ಸ್ಥಳವನ್ನು ಬಿಡುವುದಿಲ್ಲ. ಬೇಕಾದ ಹುಕುಮಿನ ನಕಲು ಆರ್.ಎನ್.ಎ. ರೂಪದಲ್ಲಿ ಹೊರಟು, ಅದರಂತೆ ಪ್ರೋಟೀನು ತಯಾರಾಗುತ್ತದೆ. ಆದರೆ ಎಲ್ಲ ಆರ್.ಎನ್.ಎ.ಗಳೂ ಇಂಥ ಹುಕುಮುಗಳಲ್ಲ. ಕೆಲವು ತಾವಾಗಿ ಯಾವ ಪ್ರೋಟೀನನ್ನೂ ಮಾಡಿಸದೆ, ಬೇರೆ ಹುಕುಮುಗಳನ್ನು ರದ್ದುಪಡಿಸುವ ಕೆಲಸವನ್ನು ಮಾಡುತ್ತವೆ. ಬೀಜದ ಬಣ್ಣಕ್ಕೆ ಚಾಲ್ಕೋನ್ ಸಿಂಥೇಸ್ ಎಂಬ ಪ್ರೋಟೀನು ಬೇಕು. ಹಳದಿ ತಳಿಗಳ ದಫ್ತರದಲ್ಲಿ ಇದರ ಹುಕುಮು ಒಂದೆಡೆ ಎದುರುಬದುರಾಗಿ ಇಮ್ಮಡಿಯಾಗಿ ಬರೆಯಲ್ಪಟ್ಟಿದೆ. ಅದರ ನಕಲು ಮಡಿಚಿಕೊಂಡು ಜೋಡಿ ಎಳೆಯಾಗುತ್ತದೆ. ಕೋಶವು ಅದನ್ನು ಸುಮಾರು ೨೧ ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುತ್ತದೆ. ಈ ತುಣುಕುಗಳು ಸಿಪ್ಪೆಯಲ್ಲಿ ಬಣ್ಣದ ಹುಕುಮನ್ನು ಕಂಡಲ್ಲೆಲ್ಲ ನಾಶಪಡಿಸುವುದರಿಂದ ಕಾಳು ಹಳದಿಯಾಗಿ ಉಳಿಯುತ್ತದೆ. ಇವು ಬೀಜದ ಸಿಪ್ಪೆಗೇ ವಿಶೇಷವಾದವೆಂಬುದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೦೯ರಲ್ಲಿ ಪ್ರಕಟಿಸಿದರು.

ಇನ್ನು ಮಚ್ಚೆಯ ವಿಚಾರ. ಗಿಡಕ್ಕೆ ಮೊಸಾಯಿಕ್ ರೋಗದ ವೈರಸ್ ತಗಲಿದಾಗ, ಗಿಡವು ಇದೇ ಉಪಾಯದಿಂದ ವೈರಸ್ಸಿನ ಆರ್.ಎನ್.ಎ.ಯನ್ನೂ ಕತ್ತರಿಸಲೆತ್ನಿಸುತ್ತದೆ. ವೈರಸ್ಸಾದರೋ ಆ ಕತ್ತರಿಯನ್ನು ಮೊಂಡುಮಾಡುವ ಪ್ರೋಟೀನೊಂದನ್ನು ಹೊರಡಿಸುತ್ತದೆ. ಅದರಿಂದ ಸಿಪ್ಪೆಯ ಕಾವಲೂ ಅಲ್ಲಲ್ಲಿ ಸಡಿಲವಾಗಿ, ಅಡಗಿದ್ದ ಬಣ್ಣವು ಮಚ್ಚೆಯಾಗಿ ಹೊರಬೀಳುತ್ತದೆ. ೨೦೦೪ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಸಾಧಾರವಾಗಿ ತೋರಿಸಿಕೊಟ್ಟರು.

ಆದುದರಿಂದ ಕಾಳುಗಳನ್ನು ಪರೀಕ್ಷಿಸುವಾಗ ಈ ಭೇದಗಳನ್ನು ಗಮನಿಸತಕ್ಕದ್ದು. ಕಾಳಿನ ಕಣ್ಣು ಮಾತ್ರ ಕಪ್ಪಾಗಿದ್ದರೆ ಅದು ಕೆಲವು ತಳಿಗಳ ಸ್ವಭಾವ; ದೋಷವಲ್ಲ. ಕಣ್ಣಿನ ಬಣ್ಣವೇ ಮಸಿ ಹರಡಿದಂತೆ ಸಿಪ್ಪೆಯ ಮೇಲೆ ಪಸರಿಸಿದ್ದರೆ ವೈರಸ್ಸನ್ನು ಶಂಕಿಸಬೇಕು. ಗುಲಾಬಿ ಅಥವಾ ನೇರಿಳೆ ಕಲೆಗಳು ಬೂಷ್ಟಿನಿಂದಾಗುವ ಬೇರೊಂದು ರೋಗದ ಗುರುತು. ಇಡೀ ಕಾಳು ಕಪ್ಪಾಗಿದ್ದರೆ ಬೆರಕೆಯನ್ನು ವಿಚಾರಿಸಬಹುದು. ಅಪರೂಪಕ್ಕೆ, ಕಾವಲಿನ ಹುಕುಮು ಕೆಟ್ಟುಹೋದ ಗಿಡವು ಶುದ್ಧ ತಳಿಯಲ್ಲಿಯೇ ಹುಟ್ಟಿ ಕಪ್ಪು ಕಾಳನ್ನು ಬಿಡುವುದೂ ಉಂಟು.

ಮಚ್ಚೆಯ ಕಾಳುಗಳನ್ನು ಆರಿಸಿ ತೆಗೆದುಬಿಟ್ಟರೆ ಉಳಿದದ್ದು ನಿರ್ದೋಷವಾದ ಬಿತ್ತನೆಯೆಂದು ತಿಳಿಯುವುದು ಸರಿಯಲ್ಲ. ಸಿಪ್ಪೆಯು ತಾಯಿಗಿಡದ ಅಂಗ; ಒಳಗಿನ ಮೊಳಕೆಯು ಹೊಸ ಗಿಡ. ತಾಯಿಗೆ ರೋಗವಿದ್ದು ಸಿಪ್ಪೆಯಲ್ಲಿ ಮಚ್ಚೆ ಬಿದ್ದರೂ ಮೊಳಕೆಗೆ ವೈರಸ್ ತಗಲದೆ ಇರಬಹುದು. ಮಚ್ಚೆಯಿಲ್ಲದ ಕಾಳಿನ ಮೊಳಕೆಯಲ್ಲಿ ಅದು ಅಡಗಿಯೂ ಇರಬಹುದು. ಅಂಥ ಒಂದು ಮೊಳಕೆಯು ಹೊಲದಲ್ಲಿ ಎದ್ದರೆ ಸಸ್ಯಹೇನುಗಳು ರೋಗವನ್ನು ನೆರೆಯ ಗಿಡಗಳಿಗೆ ಹಬ್ಬಿಸುತ್ತವೆ. ಹೇನು ಒಂದು ಗಿಡದ ರಸವನ್ನು ಕ್ಷಣಕಾಲ ಹೀರಿ ಇನ್ನೊಂದಕ್ಕೆ ಹಾರಿದರೂ ಸಾಕಾಗುವುದರಿಂದ, ಔಷಧ ಸಿಂಪಡಿಸಿ ಈ ರೋಗವನ್ನು ತಡೆಯುವುದು ಕಷ್ಟ.

ಆದಕಾರಣ ಬಿತ್ತನೆಯ ಆಯ್ಕೆಯನ್ನು ಕಣದಲ್ಲಿ ಮಾಡದೆ, ಪೈರು ನಿಂತಿರುವಾಗಲೇ ಮಾಡತಕ್ಕದ್ದು. ಎಲೆಗಳು ಸುಕ್ಕುಗಟ್ಟಿ, ತಿಳಿಹಸುರು ಕಡುಹಸುರಿನ ಪಟ್ಟೆಗಳಿಂದ ಕೂಡಿ, ಕುಳ್ಳಗೆ ನಿಂತ ಗಿಡಗಳನ್ನು ಹೂ ಬಿಡುವುದಕ್ಕೆ ಮುಂಚೆಯೇ ಕಿತ್ತು ನಾಶಪಡಿಸಬೇಕು. ರೋಗವು ಹೆಚ್ಚಾಗಿ ಕಂಡ ಹೊಲದ ಕಾಳನ್ನು ಬಿತ್ತನೆಗೆ ಇಡದೆ ಮಾರಾಟಕ್ಕೆ ಕೊಡಬಹುದು. ಮಚ್ಚೆಯ ಬಣ್ಣದಿಂದ ಕಾಳು ತಿನ್ನಲು ಅಯೋಗ್ಯವಾಗುವುದಿಲ್ಲ. ಊರಿನಲ್ಲಿ ಆರೋಗ್ಯವಾದ ಒಂದು ಹೊಲವನ್ನು ಮೊದಲೇ ಗೊತ್ತುಮಾಡಿ, ಅದರ ಬೀಜವನ್ನು ಪ್ರತ್ಯೇಕವಾಗಿ ಒಕ್ಕಿ ಕಾದಿಡುವ ಏರ್ಪಾಡನ್ನು ಯಜಮಾನರು ಮಾಡಿಸಿದರೆ ಗ್ರಾಮದ ಸಮಸ್ತ ರೈತರಿಗೂ ಅನುಕೂಲವಾಗುವುದು.